ನಮ್ಮ ಮಾವನವರ ಸಣ್ಮರಿ

ನಮ್ಮ ಮನೆಯಲ್ಲಿ ಪತ್ರಿಕೆಯನ್ನು ಹಿಂದಿನಿಂದ ಓದುವವಳು ನಾನೊಬ್ಬಳೇ. ಯಾರ ಸರ್ಕಾರ ಬಿತ್ತು, ಯಾರದು ನಿಂತಿತು ಎನ್ನುವುದನ್ನು ಕಾಫಿ ಕುಡಿದಾದ ಮೇಲೆ ನೋಡಿದರೂ ನಡೆಯುತ್ತದೆ. ನನಗೆ ಮೊದಲು ಬೇಕಾದ್ದು ಆಟದ ಪುಟ. ಅದರಲ್ಲೂ ಕ್ರಿಕೆಟ್ಟಿನವರ ದೊಡ್ಡ ದೊಡ್ಡ ಫೋಟೋಗಳ ಕೆಳಗೆ, ಜಾಹೀರಾತಿಗೆ ಸಾಲದೆ ಮಿಕ್ಕ ಮೂಲೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ ಹಾಕುವ ಫುಟ್‌ಬಾಲ್ ಫಲಿತಾಂಶ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬೆರಳಿಟ್ಟು ಹುಡುಕುತ್ತೇನೆ. ಮಗಳು ನಗುತ್ತಾಳೆ. "ಅಮ್ಮಾ, ಆಫ್‌ಸೈಡ್ ಅಂದ್ರೆ ಏನು, ಹೇಳು ನೋಡಾನ" ಎಂದು ಕೆಣಕುತ್ತಾಳೆ. ನನಗೆ ಗೊತ್ತಿಲ್ಲ. ಒಂದು ಕಡೆಗೆ ಎಷ್ಟು ಜನ ಆಡುತ್ತಾರೆ ಎಂದು ಕೇಳಿದರೂ ಸ್ವಲ್ಪ ಯೋಚಿಸಿಯೇ ಹೇಳಬೇಕು. ಆದರೆ ಸ್ಯಾನ್ ಮರಿನೊ ದೇಶದವರು ಈ ಸಲ ಯಾರ ಕೈಲಿ ಸೋತರು ಎಂದು ಕೇಳಿ, ತಟ್ಟನೆ ಹೇಳುತ್ತೇನೆ.

ನೀವು ಆ ಹೆಸರನ್ನು ಕೇಳಿರಲಿಕ್ಕಿಲ್ಲ, ಕೇಳಿಲ್ಲವೆಂದು ನಾಚಿಕೆಯೂ ಬೇಡ. ಇಟಲಿಯ ಹೊಟ್ಟೆಯೊಳಗೆ ಒಂದು ಬೆಟ್ಟ, ಬೆಟ್ಟದ ಮೇಲೂ ಸುತ್ತಲೂ ಒಂದಿಷ್ಟು ಊರು, ದೇಶವೆಂದರೆ ಅಷ್ಟೇ. ನಮ್ಮ ಹಿಂದೂಪುರದ ಜನವನ್ನೆಲ್ಲ ಬಸ್ಸು ಹತ್ತಿಸಿ ಅಲ್ಲಿಗೆ ಕಳಿಸಿದರೆ, ಊಟಕ್ಕೆ ಕೂರಿಸುವುದು ಎಲ್ಲಿ ಎಂದು ಅವರು ತಲೆ ಕೆರೆದುಕೊಳ್ಳಬೇಕು. ಆ ದೇಶಕ್ಕೂ ಒಂದು ಫುಟ್‌ಬಾಲ್ ತಂಡವಿದೆ. ಆ ತಂಡ ಸೋಲುತ್ತದೆ. ಈಚೆಗೆ ಅಪರೂಪಕ್ಕೆ ಗೆಲ್ಲುವುದನ್ನೂ ಕಲಿತಿದ್ದಾರಂತೆ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ಅವರು ಸೋಲುವುದನ್ನು ಒಂದು ಉದ್ಯೋಗದ ಹಾಗೆ ತಪ್ಪದೆ ಮಾಡಿಕೊಂಡು ಬರುತ್ತಿದ್ದರು. ಇಂಗ್ಲೆಂಡಿನ ಮೇಲೆ ಒಮ್ಮೆ, ಎದುರಿನವರು ಸರಿಯಾಗಿ ಕಾಲೂರಿ ನಿಲ್ಲುವ ಮೊದಲೇ ಒಂದು ಗೋಲು ಹೊಡೆದು, ಆಮೇಲೆ ಏಳು ಗೋಲು ಹೊಡೆಸಿಕೊಂಡು ಮನೆಗೆ ಹೋದರು. ಅಂಥ ಸಂಭಾವಿತರು.

ನನಗೂ ಅವರಿಗೂ ನೆಂಟಸ್ತಿಕೆ ಬೆಳೆದದ್ದು ನನ್ನ ಮದುವೆಯಿಂದ. ನಾನು ಹುಟ್ಟಿ ಬೆಳೆದದ್ದು ಆಂಧ್ರದ ಗಡಿಯ ಹಿಂದೂಪುರದ ನೇಕಾರರ ಬೀದಿಯಲ್ಲಿ. ಆ ಬೀದಿಯಲ್ಲಿ ಚೆಂಡಿಗೂ ನೂಲಿಗೂ ಹುಟ್ಟಾ ವೈರ. ಬೆಳಿಗ್ಗೆ ಹೊತ್ತು ಏರುವ ಮೊದಲೇ ಬೀದಿಯುದ್ದಕ್ಕೆ, ಮಗ್ಗಕ್ಕೆ ಏರಿಸುವ ಹಾಸಿನ ನೂಲು ಎಳೆದು ಕಟ್ಟಿಬಿಡುತ್ತಿದ್ದರು. ಅದನ್ನು ಬಿಚ್ಚುವವರೆಗೆ ನಾಯಿ ಕೂಡ ನಮ್ಮ ಬೀದಿಯಲ್ಲಿ ಅಂಚು ಹಿಡಿದು ನಡೆಯಬೇಕು. ಅಣ್ಣಂದಿರು ಮಾತ್ರ ಬಿಚ್ಚುವುದನ್ನೇ ಕಾದಿದ್ದು, ಮಗ್ಗದ ಕೆಳಗೆ ಉದುರಿದ ತುಂಡು ನೂಲನ್ನೆಲ್ಲ ಬಟ್ಟೆಯಲ್ಲಿ ಬಿಗಿದು ಚೆಂಡು ಮಾಡಿ ಒದೆಯುತ್ತಿದ್ದರು. ಒಂದು ದಿನ ಕಾಯುವ ತಾಳ್ಮೆ ಇಲ್ಲದೆ ಒದ್ದ ಚೆಂಡು ಹಾಸಿನ ನಡುವೆ ಬಿತ್ತು. ಅಜ್ಜಿ ಅವರನ್ನು ಬೈಯಲಿಲ್ಲ. ಎಲ್ಲರನ್ನೂ ಕೂರಿಸಿ, ತುಂಡಾದ ಎಳೆಗಳನ್ನೆಲ್ಲ ಅವರ ಕೈಯಲ್ಲೇ ಗಂಟು ಹಾಕಿಸಿದಳು. ನಾನು ಹೆಣ್ಣುಮಗು, ಆಟಕ್ಕೆ ಸೇರಿಸುತ್ತಿರಲಿಲ್ಲ, ಗಂಟು ಹಾಕುವುದಕ್ಕೆ ಮಾತ್ರ ಕರೆದರು.

ನನ್ನನ್ನು ನೋಡಲು ಕಲ್ಯಾಣದುರ್ಗದಿಂದ ಬಂದ ಮಾವನವರು, ಹುಡುಗಿಗೆ ಹಾಡು ಬರುತ್ತಾ, ಅಡಿಗೆ ಬರುತ್ತಾ ಎಂದು ಏನೂ ಕೇಳಲಿಲ್ಲ. ನಮ್ಮಪ್ಪನನ್ನು ಕೇಳಿದರು: "ನಿಮ್ಮೂರಿನ ಹೈಸ್ಕೂಲ್ ಟೀಮಲ್ಲಿ ನೀವೇನಾದ್ರೂ ಆಡಿದ್ರಾ?"

ಅಪ್ಪ ಇಲ್ಲವೆಂದರು. "ಹಂಗಾದ್ರೆ ಸರಿ. ನಾನು ಕಲ್ಯಾಣದುರ್ಗದ ಗೋಲ್‌ಕೀಪರು. ಹಿಂದೂಪುರದೋರು ನಮಗೆ ಆರು ಗೋಲು ಹೊಡೆದ್ಬುಟ್ಟಿದ್ರು. ಈಗ ಹೆಣ್ಣು ಕೊಟ್ಟು ಸಮ ಮಾಡ್ಕೊಳ್ಳಿ" ಎಂದು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಹೀಗೆ ಆರು ಗೋಲಿನ ಬದಲಿಗೆ ನಾನು ಆ ಮನೆ ಸೇರಿದೆ.

ಮಾವನವರು ಮಗ್ಗ ಬಿಟ್ಟು ಬಸ್ ಸ್ಟ್ಯಾಂಡಿನ ಹತ್ತಿರ ಸೀರೆ ಅಂಗಡಿ ಇಟ್ಟವರು. ನೇಯುವಾಗ ಕಾಲು ಇಳಿಬಿಟ್ಟು ಕೂರುವ ಹಳೇ ಮಗ್ಗದ ಗುಂಡಿ ನಡುಮನೆಯಲ್ಲಿ ಹಾಗೇ ಇತ್ತು, ಮುಚ್ಚಿಸಲು ಮನಸ್ಸು ಬಂದಿರಲಿಲ್ಲ. ಸೋತವರನ್ನು ಕಂಡರೆ ಅವರಿಗೆ ಎಲ್ಲಿಲ್ಲದ ಪ್ರೀತಿ. ಓಟು ಹಾಕುವಾಗಲೂ ಯಾರು ಸೋಲುತ್ತಾರೆಂದು ವಿಚಾರಿಸಿ ಅವನಿಗೇ ಹಾಕುತ್ತಿದ್ದರು. "ಪಾಪ, ಗೆಲ್ಲೋನಿಗೆ ಜನ ಅವ್ರೆ, ಇವನಿಗೆ ಯಾರವ್ರೆ?" ಎನ್ನುತ್ತಿದ್ದರು. ಅವರು ಯಾರಿಗೆ ಹಾಕಿದರೆಂದು ಗೊತ್ತಾದರೆ ಎದುರಿನವನ ಮನೆಯಲ್ಲಿ ಆಗಲೇ ಪಾಯಸಕ್ಕೆ ಇಡುತ್ತಿದ್ದರಂತೆ. ನಮ್ಮ ಯಜಮಾನರು ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್. ಮನೆಯಲ್ಲಿ ಇದ್ದದ್ದಕ್ಕಿಂತ ಕಂಬದ ಮೇಲೆ ಇದ್ದದ್ದು ಜಾಸ್ತಿ. ಹಾಗಾಗಿ ಮನೆಯೆಂದರೆ ಹೆಚ್ಚಾಗಿ ಮಾವ, ಅತ್ತೆ ಮತ್ತು ನಾನು.

ಅತ್ತೆಯ ತವರು ಮಧುಗಿರಿ ಕಡೆ. ತೆಲುಗಿನ ನಡುವೆ ಇಷ್ಟು ವರ್ಷ ಬಾಳಿದರೂ ಅವರ ನಾಲಿಗೆಗೆ ತೆಲುಗು ಹತ್ತಲಿಲ್ಲ. "ನಾನ್ಯಾಕೆ ಕಲೀಲಿ, ಅವ್ರೇ ಕನ್ನಡ ಕಲ್ತವ್ರೆ" ಎಂಬುದು ಅವರ ವಾದ. ನಮ್ಮ ಕಡೆ ಎಲ್ಲರೂ ತೆಲುಗಿನಲ್ಲಿ ಮಾತು ಶುರು ಮಾಡಿ ಕನ್ನಡದಲ್ಲಿ ಮುಗಿಸುವವರೇ. ನಾನೂ ಶಾಲೆಯಲ್ಲಿ ತೆಲುಗು ಕಲಿತು, ಕನ್ನಡದ ಅಕ್ಷರವನ್ನು ಆಮೇಲೆ ಕ್ಯಾಲೆಂಡರ್ ನೋಡಿ ಕಲಿತವಳು. ತಲೆಕಟ್ಟು ಒಂದಿಷ್ಟು ಬೇರೆ, ಅಷ್ಟು ಬಿಟ್ಟರೆ ಎರಡೂ ಅಕ್ಕತಂಗಿಯರು. ಅತ್ತೆ ಮಾತ್ರ ಅಕ್ಕನ ಮನೆ ಬಿಟ್ಟು ತಂಗಿಯ ಮನೆಗೆ ಕಾಲಿಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಬರುವಾಗ ಮಾವ ತೆಲುಗು ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಅತ್ತೆಗೆ ಓದಿ ಹೇಳುವುದು ರೂಢಿ. ಒಂದು ದಿನ ಆಟದ ಪುಟದ ಮೂಲೆಯಲ್ಲಿ ಆ ಹೆಸರು ಕಂಡಿತು. "ಶಾನ್ ಮರಿನೊ" ಎಂದು ಓದಿದರು. ಅತ್ತೆ ಸಾರು ಬಡಿಸುತ್ತಿದ್ದವರು ಸೌಟು ನಿಲ್ಲಿಸಿ ಕೇಳಿದರು: "ಯಾವ ಸಣ್ಮರಿ? ಕುರಿಮರಿನಾ?"

ಅವತ್ತಿನಿಂದ ಆ ದೇಶ ನಮ್ಮ ಮನೆಯಲ್ಲಿ ಸಣ್ಮರಿಯಾಯಿತು. ಅಂಗಡಿಯಲ್ಲೂ ಆಯಿತು. ಪಕ್ಕದ ಬೀಜದ ಅಂಗಡಿಯ ರಾಮಾಂಜಿ, ಪರಿಗಿ ಊರಿನವರು, ಮಾವನ ಜೀವದ ಗೆಳೆಯರು, ಅವರೂ ಹಾಗೇ ಕರೆಯತೊಡಗಿದರು. ಮಾವ ಎಲ್ಲೆಲ್ಲೋ ವಿಚಾರಿಸಿ ಆ ದೇಶದ ವಿಷಯ ಸಂಪಾದಿಸಿದರು. ಆಡುವವರು ಆಟಕ್ಕೇ ಹುಟ್ಟಿದವರಲ್ಲ, ಒಬ್ಬ ಬ್ಯಾಂಕಿನಲ್ಲಿ ಕೆಲಸದವನು, ಒಬ್ಬ ಅಂಗಡಿಯವನು, ಹಗಲೆಲ್ಲ ದುಡಿದು ಸಂಜೆ ಹೋಗಿ ಆಡುತ್ತಾರೆ ಎಂದು ತಿಳಿದಾಗ ಅವರ ಕಣ್ಣಲ್ಲಿ ನೀರು ಬಂತು. "ನೋಡೇ, ನಮ್ಮಂಗೇ ಕಣೇ. ಅವ್ರ ಸುತ್ತಾ ಇಟಲಿ, ನಮ್ಮ ಮಡಕಶಿರದ ಮೂರು ಕಡೆ ಕರ್ನಾಟಕ. ಅವ್ರಿಗೂ ಗಡಿಯಾಗೆ ಒಂದು ಕೊಡಿಕೊಂಡ ಚೆಕ್‌ಪೋಸ್ಟ್ ಇದ್ದೀತು" ಎಂದರು.

"ಇವತ್ತೇನಾಯ್ತು ಅವುಕ್ಕೆ?" ಎಂದು ಅತ್ತೆ ಊಟದ ಹೊತ್ತಿಗೆ ಕೇಳುತ್ತಿದ್ದರು.

"ಸೋತ್ರು."

"ಅಯ್ಯೋ, ಹಾಲು ಕುಡ್ಸೋರು ಯಾರೂ ಇಲ್ವೇನೋ ಪಾಪ" ಎಂದು ಅತ್ತೆ ಮರುಗುತ್ತಿದ್ದರು. ಆಗಿನ್ನೂ ಅವರು ಸಣ್ಮರಿಯ ಪಕ್ಷ.

ಆ ಪಕ್ಷ ಬದಲಾಗುವ ಹಾಗೆ ಮಾಡಿದವರು ಮಾವನೇ. ಸೋಲಿನ ಮೇಲೆ ಸೋಲು ಬಂದು, ರಾಮಾಂಜಿ ದಿನಾ ಛೇಡಿಸಿ, ಇವರಿಗೆ ತಡೆಯದೆ ಒಂದು ದಿನ ನೇರ ಚೌಡಮ್ಮನ ಗುಡಿಗೆ ಹೋದರು. ಪೂಜಾರಿ ತೆಲುಗಿನವರು, ಆದ್ದರಿಂದ ಹರಕೆಯನ್ನೂ ತೆಲುಗಿನಲ್ಲೇ ಹೊತ್ತರು: "ತಲ್ಲೀ, ಸಣ್ಮರಿ ಒಕ್ಕಸಾರಿ ಓಡಿಪೋಕುಂಡಾ ಉಂಟೆ, ನೀಕು ಒಕ ಪೊಟ್ಟೇಲು." ಒಂದೇ ಒಂದು ಸಲ ಸೋಲದೆ ಇದ್ದರೆ ನಿನಗೊಂದು ಟಗರು ಎಂದು ಅರ್ಥ. ಗೆಲ್ಲಿಸು ಎಂದು ಯಾಕೆ ಕೇಳಲಿಲ್ಲ ಎಂದು ನಾನಂದದ್ದಕ್ಕೆ, "ಅಷ್ಟು ದುರಾಸೆ ನನಗಿಲ್ಲ ಕಣಮ್ಮ" ಎಂದರು.

ಹರಕೆ ಹೊತ್ತರೆ ಮರಿಯನ್ನು ಆಗಲೇ ತಂದು ಅಮ್ಮನ ಹೆಸರಿನಲ್ಲಿ ಬಿಡುವುದು ನಮ್ಮ ಮನೆತನದ ಪದ್ಧತಿ. ಆಮೇಲೆ ಮರೆತೆ ಎನ್ನುವ ಹಾಗಿರಬಾರದಲ್ಲ. ಕುಂದುರ್ಪಿಯ ಕುರಿಯವರ ಹತ್ತಿರ ಹೋಗಿ ತಾಯಿಲ್ಲದ ಒಂದು ಗಂಡು ಮರಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಹಣೆಗೆ ಅರಿಶಿನ ಹಚ್ಚಿ, ಕೊರಳಿಗೆ ದಾರ ಕಟ್ಟಿದರು. ಹೆಸರನ್ನು ಬೇರೆ ಹುಡುಕುವಂತಿರಲಿಲ್ಲ. ಅದೂ ಸಣ್ಮರಿಯೇ.

ಕಟ್ಟಿದ್ದು ಮಾವ, ಸಾಕಿದ್ದು ಅತ್ತೆ. ಮೊದಲ ವಾರ ಸೀಸೆಯಲ್ಲಿ ಹಾಲು ಕುಡಿಸಿದರು. ಎರಡನೇ ವಾರ ಅದು ಅವರ ಸೆರಗು ಜಗಿಯಿತು. ಆಮೇಲೆ ಅತ್ತೆ ಎಲ್ಲಿ ಕೂತರೂ ಮೊಣಕಾಲಿಗೆ ತಲೆಯಾನಿಸಿ ನಿಲ್ಲುವುದು, ಬೆಳಿಗ್ಗೆ ರಾಗಿ ಅಂಬಲಿಗೆ ಅಡಿಗೆಮನೆ ಹೊಸಿಲಿಗೆ ಬಂದು ಕೂಗುವುದು. ಅತ್ತೆ ಅದರೊಡನೆ ಮಾತಾಡುತ್ತಿದ್ದಷ್ಟು ನನ್ನ ಜೊತೆ ಆಡಿದ್ದಿಲ್ಲ, ನನ್ನ ಮೇಲಿನ ದೂರನ್ನೂ ಅದಕ್ಕೇ ಹೇಳುತ್ತಿದ್ದರು. "ನಿಮ್ಮಕ್ಕಯ್ಯ ಇವತ್ತೂ ಸಾರಿಗೆ ಉಪ್ಪು ಮರ್ತವ್ಳೆ ಕಣೋ" ಎನ್ನುವುದು ನನಗೆ ಕೇಳಲಿ ಎಂದೇ. ಒಂದು ದಿನ ಅದರ ಹಣೆಯ ಅರಿಶಿನ ಒರೆಸುತ್ತ ಕೂತಿದ್ದವರು, "ಸುಶೀಲಾ, ಆ ದೇಶದೋರು ಸೋಲದೆ ಇದ್ರೆ ಇದನ್ನ ಕೊಡ್ಲೇಬೇಕಾ?" ಎಂದು ನನ್ನನ್ನು ಕೇಳಿದರು. ಕೊಡಲೇಬೇಕು ಎಂದು ಅವರಿಗೂ ಗೊತ್ತಿತ್ತು.

ಅವತ್ತಿನಿಂದ ಅತ್ತೆ ಪಕ್ಷಾಂತರ ಮಾಡಿದರು. ದೇವರ ದೀಪ ಹಚ್ಚುವಾಗ ಪೋಲೆಂಡ್, ಹಾಲೆಂಡ್ ಎಂದು ಏನೇನೋ ಗೊಣಗುತ್ತಿದ್ದರು. ಯಾರು ಏನು ಎಂದು ತಿಳಿಯದಿದ್ದರೂ ಅವರಿಗೆಲ್ಲ ಬಲ ಕೊಡಪ್ಪ ಎಂದು ಬೇಡುತ್ತಿದ್ದರು. ಮಾವ ಅದೇ ದೀಪಕ್ಕೆ ಕೈಮುಗಿದು ಸಣ್ಮರಿಗೆ ಬೇಡುತ್ತಿದ್ದರು. ದೇವರಿಗೂ ಕಷ್ಟವೇ ಆಗಿರಬೇಕು. ಪತ್ರಿಕೆಯವರು ಅವರ ಆಟ ಯಾವಾಗ ಎಂದು ಮುಂಚೆ ಹೇಳುತ್ತಿರಲಿಲ್ಲವಾದ್ದರಿಂದ, ಊಟದ ಹೊತ್ತು ಪತ್ರಿಕೆ ಬಿಚ್ಚಿದಾಗಲೆಲ್ಲ ಅತ್ತೆಯ ಕೈ ಸೌಟಿನ ಮೇಲೆ ಬಿಗಿಯಾಗುತ್ತಿತ್ತು. "ಸೋತ್ರು" ಎಂದರೆ ತುಪ್ಪ ಧಾರಾಳವಾಗಿ ಬೀಳುತ್ತಿತ್ತು.

ಮಾವ ಇದನ್ನೆಲ್ಲ ಹೆಂಗಸರ ತಮಾಷೆ ಎಂದುಕೊಂಡಿದ್ದರು. ತಮಾಷೆಯಲ್ಲ ಎಂದು ಗೊತ್ತಾದದ್ದು ನಾರ್ವೆಯವರು ಸಣ್ಮರಿಗೆ ಹತ್ತು ಗೋಲು ಹೊಡೆದಾಗ.

ಆ ದಿನ ಮಾವ ಸೀರೆ ತರಲು ಹಿಂದೂಪುರಕ್ಕೆ ಹೋಗಿದ್ದರು. ಪತ್ರಿಕೆ ನೋಡಿದ ರಾಮಾಂಜಿ, ಸೈಕಲ್ಲಿನಲ್ಲಿ ನಮ್ಮ ಮನೆ ಮುಂದೆ ಹೋಗುತ್ತ, ಇಳಿಯದೆಯೇ ಕೂಗಿದರು: "ವದಿನಾ! ಅಣ್ಣಕಿ ಚೆಪ್ಪು! ಸಣ್ಮರಿ ಓಡಿಪೋಯಿಂದಿ!"

ನಿಮಗೆ ತೆಲುಗು ಬರುವುದಾದರೆ ಇಲ್ಲಿ ಏನಾಗಿರಬೇಕೆಂದು ಆಗಲೇ ಗೊತ್ತಾಗಿರುತ್ತದೆ. ಅತ್ತಿಗೆ, ಅಣ್ಣನಿಗೆ ಹೇಳು ಎಂದು ಅವರು ಕೂಗಿದ್ದು, ತೆಲುಗಿನಲ್ಲಿ ಓಡಿಪೋಯಿಂದಿ ಎಂದರೆ ಸೋತಿತು. ಅತ್ತೆಯ ಮಧುಗಿರಿಯ ಕಿವಿಗೆ ಅದು ಓಡಿಹೋಯಿತು ಎಂದೇ ಬಿತ್ತು. ಹಿತ್ತಲು ನೋಡಿದರು, ಮರಿಯಿಲ್ಲ. ನಾನು "ಅತ್ತೆ, ಅದು ಆಟದ್ದು" ಎನ್ನುವಷ್ಟರಲ್ಲಿ ಕೈಯಲ್ಲಿ ಸೌಟು ಹಿಡಿದುಕೊಂಡೇ, ಬರಿಗಾಲಲ್ಲಿ ಬೀದಿಗೆ ಬಿದ್ದಿದ್ದರು. ನಾನು ಬಾಗಿಲೆಳೆದುಕೊಂಡು ಹಿಂದೆ ಓಡಿದೆ. ಕೂಗಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಹುಟ್ಟೂರಿನ ಕಡೆಗೇ ಹೋಗಿರುತ್ತದೆಂದು ಲೆಕ್ಕ ಹಾಕಿ, ಕುಂದುರ್ಪಿ ಬಸ್ಸು ನಿಲ್ಲುವ ಜಾಗಕ್ಕೆ ಹೋಗಿ ಕಂಡಕ್ಟರನನ್ನು ಹಿಡಿದು ಕೇಳುತ್ತಿದ್ದರು. ಅದೇ ಹೊತ್ತಿಗೆ ಹಿಂದೂಪುರದ ಬಸ್ಸಿನಿಂದ ಮಾವ ಸೀರೆ ಗಂಟು ಹೊತ್ತು ಇಳಿದರು.

ಅತ್ತೆ ಅವರನ್ನು ಕಂಡವರೇ ಗೊಳೋ ಎಂದು ಅತ್ತರು. "ಓಡೋಯ್ತು ಕಣ್ರೀ, ಸಣ್ಮರಿ ಓಡೋಯ್ತು!"

ಮಾವನಿಗೆ ಕೇಳಿಸಿದ್ದು ಬೇರೆ. ತನ್ನ ತಂಡ ಸೋತದ್ದಕ್ಕೆ ಹೆಂಡತಿ ಬಸ್ ಸ್ಟ್ಯಾಂಡಿಗೆ ಬಂದು ಅಳುತ್ತಿದ್ದಾಳೆ, ಅದೂ ತೆಲುಗಿನಲ್ಲಿ ಹೇಳಿಕೊಂಡು! "ಅಳಬ್ಯಾಡ ಕಣೇ. ಮುಂದಿನ ಸಲ ನೋಡಾನ. ಎಷ್ಟಕ್ಕೆ?" ಎಂದರು.

"ಎಷ್ಟಕ್ಕೇನ್ರೀ ಎಷ್ಟಕ್ಕೆ! ನಾನೇನು ಮಾರಿದ್ನಾ?"

"ಗೋಲು ಎಷ್ಟು ಅಂದೆ."

"ಯಾವ ಗೋಲು ಕಟ್ಕೊಂಡು ನನಗೇನಾಗಬೇಕ್ರೀ! ಬೆಳಿಗ್ಗೆ ಅಂಬಲಿ ಕುಡಿದಿತ್ತು ಕಣ್ರೀ, ನನ್ನ ಕೈಯಾಗೇ ಕುಡಿದಿತ್ತು!"

ಸುತ್ತ ಸೇರಿದ್ದ ಜನ ನಗುತ್ತಿದ್ದರು. ನನಗೂ ನಗು ಬಂದಿತ್ತು, ನಿಜ. ಆದರೆ ಅತ್ತೆಯ ಕಾಲು ನೋಡಿ ನಿಂತುಹೋಯಿತು. ಜಾಲಿ ಮುಳ್ಳು ಚುಚ್ಚಿ ರಕ್ತ ಬರುತ್ತಿತ್ತು, ಅದು ಅವರಿಗೆ ಗೊತ್ತೇ ಆಗಿರಲಿಲ್ಲ. ಮಾವ ಸೀರೆ ಗಂಟನ್ನು ನನ್ನ ಕೈಗೆ ಕೊಟ್ಟು, ಅಲ್ಲೇ ಕೂತು ಮುಳ್ಳು ಕಿತ್ತರು. ಮನೆಗೆ ಬಂದರೆ ಮರಿ ಮಗ್ಗದ ಗುಂಡಿಯೊಳಗೆ ತಂಪಿಗೆ ಮಲಗಿತ್ತು. ಅತ್ತೆ ಗುಂಡಿಗೇ ಇಳಿದು ಅದನ್ನು ತಬ್ಬಿಕೊಂಡು ಬೈದರು, ಮುದ್ದಿಸಿದರು, ಮತ್ತೆ ಬೈದರು. ಮಾವ ಒಳಗೆ ಬರದೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಹತ್ತು ಗೋಲಿನ ವಿಷಯ ಅವರು ಮತ್ತೆ ಕೇಳಲೇ ಇಲ್ಲ.

ಅಲ್ಲಿಂದ ಮುಂದೆ ಅವರು ಆಟದ ಪುಟವನ್ನು ಅಂಗಡಿಯಲ್ಲೇ ಓದಿ ಬರುತ್ತಿದ್ದರು. ಮನೆಯಲ್ಲಿ ಕೇಳಿದರೆ ಮಾತ್ರ ಹೇಳುವುದು. ಹಾಗೆಂದು ಸಣ್ಮರಿಯ ಮೇಲಿನ ಮೋಹ ಹೋಯಿತು ಎಂದುಕೊಳ್ಳಬೇಡಿ. ರಾಮಾಂಜಿಯೊಡನೆ ಅದೇ ಜಗಳ, ಅದೇ ವಾದ. ಒಂದು ಸಲ, ಒಂದೇ ಸಲ ಅವರು ತಲೆಯೆತ್ತಿ ಮನೆಗೆ ಹೋಗುವುದನ್ನು ನೋಡಬೇಕು ಎನ್ನುತ್ತಿದ್ದರಂತೆ. ಮರಿಗೆ ಕೊಂಬು ಮೂಡಿ ಟಗರಾಗುತ್ತಿತ್ತು. ಅತ್ತೆಗೆ ಅದು ಇನ್ನೂ ಸಣ್ಮರಿಯೇ.

ಬೇಸಗೆ ಶುರುವಾದ ಒಂದು ಮಧ್ಯಾಹ್ನ ಮಾವ ಊಟಕ್ಕೆ ತಡವಾಗಿ ಬಂದರು. ನಾನು ಹಿತ್ತಲಲ್ಲಿ ನೀರು ಸೇದುತ್ತಿದ್ದೆ. ಅತ್ತೆ ಕಿಟಾರನೆ ಕಿರುಚಿದ್ದು ಕೇಳಿ ಹಗ್ಗ ಬಿಟ್ಟು ಓಡಿಬಂದೆ. ಮಾವನ ತಲೆ ನುಣ್ಣಗೆ ಬೋಳಿಸಿತ್ತು. ನೀವು ಅವರ ಕೂದಲು ನೋಡಿಲ್ಲ. ಆ ವಯಸ್ಸಿನಲ್ಲೂ ಕಪ್ಪಗೆ, ದಟ್ಟವಾಗಿ, ಅಂಗಡಿಯ ಕನ್ನಡಿಯಲ್ಲಿ ಗಿರಾಕಿಗಿಂತ ಹೆಚ್ಚು ಅವರೇ ನೋಡಿಕೊಳ್ಳುತ್ತಿದ್ದ ಕೂದಲು. ಮೀಸೆಯೂ ಇರಲಿಲ್ಲ.

"ಯಾರು ಹೋದ್ರು? ಯಾರು ಹೋದ್ರು ಹೇಳ್ರೀ!" ಅತ್ತೆ ಅವರ ತೋಳು ಹಿಡಿದು ಅಲ್ಲಾಡಿಸಿದರು.

"ಯಾರೂ ಹೋಗಿಲ್ಲ ಸುಮ್ಕಿರು. ಸಣ್ಮರಿ ಸೋತ್ರು. ಟರ್ಕಿಯೋರ ಕೈಲಿ. ಬೇಜಾರಾಗಿ ತೆಗೆಸ್ಬುಟ್ಟೆ."

ಅತ್ತೆ, ಬೋಳು ತಲೆಗೆ ಬಿಸಿಲು ತಾಗಿದೆಯೆಂದು ಎಣ್ಣೆ ತರಲು ಒಳಗೆ ಹೋದರು.

ಅವರು ಮರೆಯಾದದ್ದೇ ತಡ, ಮಾವ ನನ್ನ ಕಡೆ ತಿರುಗಿದರು. ಇಷ್ಟು ಹೊತ್ತು ತಡೆದದ್ದೆಲ್ಲ ಮುಖದಲ್ಲಿ ಉಕ್ಕಿತು. "ಸೋಲ್ಲಿಲ್ಲ ಕಣಮ್ಮ!" ಪಿಸುಗುಟ್ಟಿದರು. "ಸೋಲ್ಲಿಲ್ಲ! ಇವ್ರೂ ಹೊಡೀಲಿಲ್ಲ, ಅವ್ರಿಗೂ ಹೊಡೆಯೋಕೆ ಬಿಡ್ಲಿಲ್ಲ. ಸೊನ್ನೆಗೆ ಸೊನ್ನೆ! ಟರ್ಕಿ ಅಂದ್ರೆ ಎಷ್ಟು ದೊಡ್ಡ ದೇಶ ಗೊತ್ತಾ ತಾಯಿ? ಅಷ್ಟು ದೊಡ್ಡೋರು ಬರಿಗೈಲಿ ಹೋದ್ರು ಕಣಮ್ಮ!"

ಸೋಲದೆ ಇದ್ದರೆ ಎಂದೇ ಅಲ್ಲವೇ ಅವರು ಬೇಡಿಕೊಂಡದ್ದು. "ಹಂಗಾದ್ರೆ ಮರಿ, ಮಾವ?"

ಬೋಳು ತಲೆಯನ್ನು ಸವರಿಕೊಂಡರು. "ಅಮ್ಮನ ಹತ್ರ ಹೋಗಿದ್ದೆ. ಪೂಜಾರೀನ ಕೇಳ್ದೆ. ಟಗರು ಕೊಡ್ತೀನಿ ಅಂದ್ರೂ ತಲೆ ತಾನೇ ಕೊಡೋದು, ನನ್ನ ತಲೇದೇ ತಗೊಳ್ಳಿ ಅಂದೆ. ಮುಡಿ ಒಪ್ಪಿಸಿ, ತಪ್ಪಾಯ್ತು ಅಂತ ಕಾಲಿಗೆ ಬಿದ್ದು ಬಂದೆ. ರಾಮಾಂಜಿಗೂ ಹೇಳೀನಿ ಬಾಯಿ ಬಿಡಬ್ಯಾಡ ಅಂತ. ಇವಳಿಗೆ ಗೊತ್ತಾದ್ರೆ, ಅಮ್ಮಂಗೆ ಬಾಕಿ ಉಳೀತು ಅಂತ ದಿನಾ ಹೆದರ್ಕೊಂಡು ಸಾಯ್ತಾಳೆ. ಸೋತ್ರು ಅಂತಲೇ ಇರ್ಲಿ."

ವರ್ಷಗಟ್ಟಲೆ ಕಾದು ಬಂದ ಆ ಒಂದು ದಿನವನ್ನು ಅವರು ನನ್ನೊಬ್ಬಳ ಮುಂದೆ, ಅದೂ ಪಿಸುಮಾತಿನಲ್ಲಿ, ಸಂಭ್ರಮಿಸಿ ಮುಗಿಸಿದರು.

ಅತ್ತೆ ಎಣ್ಣೆ ಬಟ್ಟಲು ಹಿಡಿದು ಬಂದರು. ಮಾವನನ್ನು ಕೂರಿಸಿ, ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ಬೋಳು ತಲೆಗೆ ಮೆಲ್ಲಗೆ ತಟ್ಟತೊಡಗಿದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ತಟ್ಟುತ್ತಲೇ ಹೇಳಿದರು: "ನಾನೇ ಕಣ್ರೀ ಅವ್ರು ಸೋಲ್ಲಿ ಅಂತ ಬೇಡ್ಕೊಂಡಿದ್ದು. ನಿಮಗೆ ಇಷ್ಟು ಸಂಕಟ ಆಗ್ತೈತೆ ಅಂತ ಗ್ಯಾನ ಬರ್ಲಿಲ್ಲ. ನಾಳೆ ನಾನೇ ಚೌಡಮ್ಮನ ಹತ್ರ ಹೋಯ್ತೀನಿ. ಮರಿ ಹೋದ್ರೆ ಹೋಗ್ಲಿ, ನಿಮ್ಮೋರು ಒಂದು ಸಲ ಸೋಲದಂಗೆ ನೋಡ್ಕೋ ತಾಯಿ ಅಂತ ಕೇಳ್ಕೊಂಡು ಬತ್ತೀನಿ."

ಮಾವ ಗಾಬರಿಯಿಂದ ಅತ್ತೆಯ ಎಣ್ಣೆಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬ್ಯಾಡ ಕಣೇ, ಹಂಗೆ ಕೇಳಬ್ಯಾಡ" ಎಂದರು. "ಅವ್ರು ಸೋಲ್ಲಿ ಬಿಡು."